ಕಣಜದ ಬಲಮೀಸೆ

ಹೋದ ತಿಂಗಳು ವಿಜಯಪುರದಲ್ಲಿ ಹಲ್ಲಿನ ಡಾಕ್ಟರಮ್ಮ ನನ್ನ ದವಡೆಹಲ್ಲಿನ ತೂತಿಗೆ ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿ ಇಟ್ಟಳು. ಬಾಯಿ ತೆರೆದುಕೊಂಡೇ ನಾನು ನಕ್ಕೆನಂತೆ. “ಯಾಕ್ರಿ ಅಜ್ಜಿ, ಬ್ಯಾನಿ ಹೋತೇನ್ರಿ?” ಎಂದು ಕೇಳಿದಳು. ಬೇನೆ ಹೋಗಿರಲಿಲ್ಲ. ಆ ವಾಸನೆಗೆ ಸಿಂದಗಿಯ ನಮ್ಮ ಹಳೆಯ ಅಂಗಡಿಮನೆ ನೆನಪಾಗಿತ್ತು, ಅರವತ್ತರ ದಶಕದ ಆರಂಭದ ಒಂದು ತೊಗರಿ ಸುಗ್ಗಿ ನೆನಪಾಗಿತ್ತು. ಆ ಸುಗ್ಗಿಯಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಅದಕ್ಕೆ ಕಾರಣ ಎಳ್ಳುಕಾಳಿನ ಅರ್ಧದಷ್ಟೂ ಇಲ್ಲದ ಒಂದು ಹುಳ.

ನನ್ನ ಅಬ್ಬ ಮೌಲಾಸಾಬ, ಬಸ್ ನಿಲ್ದಾಣದಿಂದ ಪೇಟೆಗೆ ಹೋಗುವ ಹಾದಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅವ್ವ ನಾನು ಸಣ್ಣವಳಿದ್ದಾಗಲೇ ತೀರಿಹೋಗಿದ್ದಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದ ಮೇಲೆ ನಾನು ಶಾಲೆ ಬಿಟ್ಟು ಮನೆ ನೋಡಿಕೊಂಡಿದ್ದೆ. ಆಗ ನನಗೆ ಇಪ್ಪತ್ತು ವರ್ಷ. ಆ ಪರದೆಯ ಹಿಂದೆ ಊರಿಗೆ ಗೊತ್ತಿಲ್ಲದ ಒಂದು ಸಂಗತಿ ಇತ್ತು. ಅಬ್ಬನ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಗೋಡೆ ಗಡಿಯಾರ, ಟೈಮ್‌ಪೀಸು ಅವನೇ ಬಿಚ್ಚಿ ಜೋಡಿಸುತ್ತಿದ್ದ. ಕೈಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗು, ಸಾಸಿವೆಗಿಂತ ಸಣ್ಣ ಸ್ಕ್ರೂ ಬಂತೆಂದರೆ ತಟ್ಟೆ ಪರದೆಯ ಕೆಳಗಿನಿಂದ ಒಳಗೆ ಸರಿಯುತ್ತಿತ್ತು. ಕಣ್ಣಿಗೆ ಸಿಕ್ಕಿಸುವ ಭೂತಗನ್ನಡಿ ನನ್ನ ಬಳಿಯೂ ಒಂದಿತ್ತು. ನಾನು ಮಾಡಿ ವಾಪಸ್ಸು ಸರಿಸುತ್ತಿದ್ದೆ. “ಕಣ್ಣು ಹ್ವಾದ ಗಡಿಯಾರದವ್ನ ಕೈಗೆ ಯಾರ್ ಕೊಡ್ತಾರವ್ವಾ ಗಡಿಯಾರ?” ಎಂದು ಅಬ್ಬ ಒಮ್ಮೆ ಹೇಳಿದ್ದ. ಆಮೇಲೆ ನಾವು ಆ ಮಾತು ಎತ್ತಿರಲಿಲ್ಲ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಹಂಚಿನಾಳ ಸಾಹೇಬರು ಅಂಗಡಿಗೆ ಬಂದರು. ತೊಗರಿಗೆ ಬೀಳುವ ಹುಳದ ಅಭ್ಯಾಸಕ್ಕೆಂದು ಸರಕಾರ ಅವರನ್ನು ಸಿಂದಗಿಗೆ ಹಾಕಿತ್ತು. ಊರಿನವರು ಅದನ್ನು ನಂಬಿರಲಿಲ್ಲ. ಹೊಲಕ್ಕೆ ಹೋಗಿ ಗಿಡಕ್ಕೆ ಎಷ್ಟು ಕಾಯಿ ಎಂದು ಎಣಿಸಿ ಬರೆದುಕೊಳ್ಳುವವನು ಸರಕಾರಕ್ಕೆ ಕಡ್ಡಾಯವಾಗಿ ಕಾಳು ಅಳೆಸುವ ಲೆವಿ ಹಾಕಲು ಬಂದವನಲ್ಲದೆ ಮತ್ತಾರು ಎಂಬುದು ಎಲ್ಲರ ಗುಮಾನಿ. ಅವರ ಸೂಕ್ಷ್ಮದರ್ಶಕದ ತಿರುಪು ಸಡಿಲಾಗಿ ಕೊಳವೆ ತಾನೇ ಕೆಳಗೆ ಜಾರುತ್ತಿತ್ತು. ಅದನ್ನು ಎದೆಗವಚಿಕೊಂಡು ತಂದಿದ್ದರು.

ಅಬ್ಬ ಅದನ್ನು ಎರಡು ದಿನದಲ್ಲಿ ಸರಿಮಾಡಿ ಕೊಟ್ಟ. ಮೂರನೇ ದಿನ ಸಾಹೇಬರು ಮತ್ತೆ ಬಂದು ಒಂದು ಗಾಜಿನ ನಳಿಗೆ ಮುಂದಿಟ್ಟರು. ತಳದಲ್ಲಿ ಪುಡಿಯಂಥ ಕರಿ ಚುಕ್ಕೆಗಳು.

“ಇವು ಕಣಜದ ಹುಳ ಅದಾವ್ರಿ ಮೌಲಾಸಾಬರ. ತೊಗರಿ ಕಾಯಾಗ ನೊಣದ ಹುಳ ಇರತೈತಲ್ಲ, ಅದರ ಮೈಮ್ಯಾಲ ತತ್ತಿ ಇಡತಾವು. ಮರಿ ಹುಳಾನ ತಿಂದು ದೊಡ್ಡದಾಗತೈತಿ. ರೈತಗ ಭಾಳ ಬೇಕಾದ ಪ್ರಾಣಿ” ಎಂದರು. ಆಮೇಲೆ ತಮ್ಮ ಎರಡೂ ಕೈ ಮುಂದೆ ಚಾಚಿ ತೋರಿಸಿದರು. ಬೆರಳು ನಡುಗುತ್ತಿದ್ದವು. “ಹುಟ್ಟಿದಾಗಿಂದ ಹಿಂಗ. ಇವನ್ನ ಒಂದೊಂದ ಕಾಗದದ ತುದಿಗೆ ಗೋಂದಿನಿಂದ ಕೂಡಿಸಬೇಕು. ನನ್ನ ಕೈಲೆ ಆಗೂದಿಲ್ಲ. ನೀವು ಮಾಡಿ ಕೊಡ್ರಿ.”

ಅಬ್ಬ ನಳಿಗೆಯನ್ನು ಬೆಳಕಿಗೆ ಹಿಡಿದು ತಿರುಗಿಸಿದ. ಬೇಡ ಎಂದರೆ ಯಾಕೆ ಎಂದು ಹೇಳಬೇಕಿತ್ತು. ಕೊನೆಗೆ “ಇಟ್ಟು ಹೋಗ್ರಿ” ಎಂದ. ನಳಿಗೆ ಪರದೆಯ ಕೆಳಗಿನಿಂದ ನನ್ನ ಕಡೆಗೆ ಬಂತು.

ಭೂತಗನ್ನಡಿ ಹಚ್ಚಿ ನೋಡಿದ ಮೊದಲ ದಿನ ನಾನು ಒಲೆಯ ಮೇಲಿನ ಅನ್ನ ಮರೆತೆ. ಬರಿಗಣ್ಣಿಗೆ ಮಸಿಯ ಚುಕ್ಕೆ ಅನಿಸಿದ್ದು ನವಿಲುಗರಿಯ ಹಾಗೆ ಹಸಿರು ಹೊಳೆಯುತ್ತಿತ್ತು. ರೆಕ್ಕೆಯಲ್ಲಿ ಒಂದೇ ಒಂದು ನರ. ತಲೆಯ ಮುಂದೆ ಮೊಣಕೈಯಂತೆ ಮಡಚಿದ ಎರಡು ಕುಡಿಮೀಸೆ. ಅವು ಸ್ವಲ್ಪ ತಾಗಿದರೂ ಮುರಿಯುತ್ತಿದ್ದವು. ಮುರಿದ ಹುಳಗಳನ್ನು ಒಂದು ಬಟ್ಟಲಿಗೆ ಹಾಕಿಡುತ್ತಿದ್ದೆ. ಎರಡು ವಾರದಲ್ಲಿ ನನ್ನ ಕೈ ಕುದುರಿತು. ಸಾಹೇಬರು ರೆಕ್ಕೆಗಳನ್ನು ಗಾಜಿನ ಮೇಲೆ ಕೂಡಿಸುವುದನ್ನೂ ಅಬ್ಬನಿಗೆ ಹೇಳಿಕೊಟ್ಟರು. ಅದಕ್ಕೆ ಲವಂಗದ ಎಣ್ಣೆ ಬೇಕಿತ್ತು. ಅವರು ಹೇಳುವುದನ್ನು ಪರದೆಯ ಹಿಂದೆ ನಿಂತು ನಾನು ಕೇಳಿ ಕಲಿಯುತ್ತಿದ್ದೆ. ಮನೆಯೆಲ್ಲ ಲವಂಗ ನಾರತೊಡಗಿತು.

ಸಾಹೇಬರು ದಿನಾ ಮಧ್ಯಾಹ್ನ ಬಂದು ಕೂರುವುದನ್ನು ಊರು ನೋಡುತ್ತಿತ್ತು. ಎದುರಿನ ದರ್ಜಿ ರೇವಣಪ್ಪ ಒಂದು ದಿನ ಅಂಗಡಿಗೆ ಬಂದು, “ಮೌಲಾಸಾಬ, ಆ ಸರಕಾರಿ ಮನಷಾ ಏನ ಬರಸ್ಕೋತಾನ ನಿನ್ನ ಕಡಿಂದ? ಯಾರ ಹೊಲ ಎಷ್ಟು ಅಂತ ಹೇಳಾಕತ್ತಿಯೇನು?” ಎಂದು ಕೇಳಿದ. ಅಬ್ಬ ಹುಳದ ಕಥೆ ಹೇಳಿದ. ರೇವಣಪ್ಪ ನಕ್ಕು ಹೋದ. ಅವನ ನಗು ನನಗೆ ಹಿಡಿಸಲಿಲ್ಲ.

ಡಿಸೆಂಬರಿನ ಚಳಿಯಲ್ಲಿ ಆಲಮೇಲದ ಒಂದು ಹೊಲದ ಕಾಯಿಗಳನ್ನು ಸಾಹೇಬರು ಕಂದೀಲಿನ ಗಾಜಿನಲ್ಲಿ ತುಂಬಿ, ಬಾಯಿಗೆ ತೆಳು ಮಲ್ಲು ಬಟ್ಟೆ ಕಟ್ಟಿ ನಮ್ಮ ಅಂಗಡಿಯ ಗೋಡೆಯ ಮಾಡದಲ್ಲೇ ಇಟ್ಟರು. ಅವರ ಕೋಣೆಯಲ್ಲಿ ಇರುವೆ ಬಹಳ. ಹತ್ತು ಹನ್ನೆರಡು ದಿನದ ಮೇಲೆ ಅದರಲ್ಲಿ ಕಣಜ ಎದ್ದವು. ಅವುಗಳಲ್ಲಿ ಮೂರರ ಮೀಸೆಯ ತುದಿ ಹಾಲಿನಂತೆ ಬೆಳ್ಳಗಿತ್ತು. ಇನ್ನೂ ಜೀವವಿದ್ದು ಗಾಜಿನ ಮೇಲೆ ಓಡಾಡುತ್ತಿದ್ದಾಗಲೇ ನಾನು ಅದನ್ನು ನೋಡಿದ್ದೆ. ಅಬ್ಬನ ಬಾಯಿಂದ ಹೇಳಿಸಿದೆ. ಸಾಹೇಬರು ನೋಡಿ ಎದ್ದು ನಿಂತರು. ಅವರ ಪುಸ್ತಕಗಳಲ್ಲಿ ಅಂಥದ್ದು ಇರಲಿಲ್ಲ.

ನಾನು ಮೂರನ್ನೂ ಕಾಗದಕ್ಕೆ ಕೂಡಿಸಿದೆ. ಸಾಹೇಬರು ಒಂದರ ಚಿತ್ರ ತೆಗೆದು, ಉದ್ದ ಅಗಲ ಅಳೆದು, ಮೈಮೇಲಿನ ಕೂದಲನ್ನೂ ಬಿಡದೆ ವಿವರ ಬರೆದರು. ರಾತ್ರಿ ನಮ್ಮ ಅಂಗಡಿಯಲ್ಲೇ ಇದ್ದ ಉಳಿದ ಎರಡನ್ನು ಮರುದಿನ ಅವಸರದಲ್ಲಿ ಅಂಚೆಯ ಡಬ್ಬಿಗೆ ಹಾಕಿ, ಪರದೇಶದಲ್ಲಿ ಇಂಥ ಕಣಜಗಳನ್ನೇ ಅಭ್ಯಾಸ ಮಾಡುವ ಒಬ್ಬ ಪಂಡಿತನಿಗೆ ಅಂಚೆಯಲ್ಲಿ ಕಳಿಸಿದರು. ಅವನು ಹೌದೆಂದರೆ ಅದು ಹೊಸ ಜಾತಿ. ಜಗತ್ತಿನಲ್ಲಿ ಮೊದಲು ನೋಡಿದವರು ನಾವು.

ಜನವರಿ ಕೊನೆಗೆ ಕಾಗದ ಬಂತು. ಆ ದಿನ ಸಾಹೇಬರು ಕುರ್ಚಿಯಲ್ಲಿ ಕೂರಲಿಲ್ಲ.

“ಎರಡರಾಗ ಒಂದರ ಬಲಮೀಸಿ ಆ ಹುಳದ್ದಲ್ಲಂತ. ಬ್ಯಾರೆ ಜಾತೀದು. ಅಂಟಿಸಿದ್ದಂತ” ಎಂದರು. ಇಂಗ್ಲಿಷ್ ಕಾಗದವನ್ನು ಸಾಲು ಸಾಲಾಗಿ ಕನ್ನಡದಲ್ಲಿ ಹೇಳಿದರು. ಇನ್ನೊಂದು ಹುಳ ಸರಿಯಾಗಿಯೇ ಕಾಣುತ್ತದೆ. ಆದರೆ ಒಂದರಲ್ಲಿ ಯಾರೋ ಕೈಯಾಡಿಸಿದ ಮೇಲೆ ಅದೇ ಡಬ್ಬಿಯ ಇನ್ನೊಂದನ್ನು ನಂಬಿ ಹೊಸ ಜಾತಿ ಎಂದು ಒಪ್ಪಲಾರೆ. ನಿಮ್ಮನ್ನು ಯಾರೋ ಮೋಸಗೊಳಿಸುತ್ತಿದ್ದಾರೆ ಎಂದು ಪಂಡಿತ ಬರೆದಿದ್ದ. ಇಲ್ಲವೇ ಮೋಸ ಮಾಡಿದವರು ನೀವೇ, ಎಂಬುದನ್ನು ಬರೆದಿರಲಿಲ್ಲ. ಅದು ಸಾಹೇಬರ ಮುಖದಲ್ಲಿ ಕಾಣುತ್ತಿತ್ತು.

“ಮೌಲಾಸಾಬರ, ನಿಮ್ಮ ಬಿಟ್ಟರ ಆ ಹುಳ ಯಾರೂ ಮುಟ್ಟಿಲ್ಲ. ನನ್ನ ಖುಷಿ ಮಾಡಾಕ ಹಚ್ಚಿದಿರೇನು?”

“ನನ್ನ ಕೈಯಿಂದ ಮೋಸ ಆಗಿಲ್ರಿ” ಎಂದ ಅಬ್ಬ.

“ಹಂಗಾರ ಮೀಸಿ ಎಲ್ಲಿಂದ ಬಂತು?”

ಅಬ್ಬ ಮೇಜಿನ ಖಾನೆ ಮುಚ್ಚಿದ. ಸಾಹೇಬರು ತಮ್ಮ ನಳಿಗೆ, ಡಬ್ಬಿ, ಗೋಂದಿನ ಬಾಟಲಿ ಎಲ್ಲ ಎತ್ತಿಕೊಂಡು ಹೋದರು. ರೇವಣಪ್ಪ ಹೊಲಿಗೆ ನಿಲ್ಲಿಸಿ ನೋಡುತ್ತಿದ್ದುದು ಪರದೆಯ ಸಂದಿನಿಂದ ನನಗೆ ಕಂಡಿತು.

ನನಗೆ ಮೊದಲು ಸಂಶಯ ಬಂದದ್ದು ಸಾಹೇಬರ ಮೇಲೆಯೇ. ಕೂಡಿಸಿದವಳು ನಾನು. ಮೂರಕ್ಕೂ ಎರಡೆರಡು ಮೀಸೆ, ಆರಕ್ಕೂ ಬಿಳಿ ತುದಿ ಇದ್ದುದನ್ನು ನೋಡಿಯೇ ಡಬ್ಬಿ ಮುಚ್ಚಿದ್ದೆ. ಅಂಚೆಯ ಡಬ್ಬಿಗೆ ಹಾಕುವಾಗ ನಡುಗುವ ಕೈಯಲ್ಲಿ ಮುರಿದುಕೊಂಡು ಅವರೇ ಏನೋ ಅಂಟಿಸಿರಬೇಕು, ಈಗ ಬಡವನ ತಲೆಗೆ ಕಟ್ಟುತ್ತಿದ್ದಾರೆ ಎಂದುಕೊಂಡೆ. ತಮ್ಮ ಬಳಿ ಉಳಿದಿದ್ದ ಮೂರನೆಯ ಕಣಜವನ್ನು ಇರುವೆ ತಿಂದವು ಎಂದು ಅವರು ಯಾರಿಗೋ ಹೇಳಿದರಂತೆ. ಅದು ಕಿವಿಗೆ ಬಿದ್ದಾಗ ನನ್ನ ಸಂಶಯ ಗಟ್ಟಿಯಾಯಿತು. ಇರುವೆಯೋ, ಅವರೇ ಒಗೆದರೋ?

ಊರಿನ ಸಂಶಯಕ್ಕೆ ಬೇರೆ ದಾರಿ ಸಿಕ್ಕಿತ್ತು. ಮೌಲಾಸಾಬ ಒಂದರದ್ದು ತೆಗೆದು ಇನ್ನೊಂದಕ್ಕೆ ಹಾಕುತ್ತಾನಂತೆ ಎಂಬ ಮಾತು ಹಬ್ಬಿತು. ಹುಳ ಹಿಂದೆ ಬಿತ್ತು, ಗಡಿಯಾರ ಮುಂದೆ ಬಂತು. ರಿಪೇರಿಗೆ ಕೊಟ್ಟವರು ಅರ್ಧಕ್ಕೇ ವಾಪಸ್ಸು ಕೇಳತೊಡಗಿದರು. ಒಬ್ಬ ಅಂಗಡಿಯ ಮುಂದೆ ನಿಂತು, “ಬಿಚ್ಚಿ ತೋರಸು, ಒಳಗ ನಂದ ಐತೋ ಇಲ್ಲೋ” ಎಂದ. ಒಳಗಿರುವುದು ತನ್ನದೋ ಅಲ್ಲವೋ ಎಂದು ಅವನಿಗೇ ಗೊತ್ತಿರಲಿಲ್ಲ. ಅಬ್ಬ ಬಿಚ್ಚಿ ತೋರಿಸಿದ. ಆ ಮನುಷ್ಯ ಗಡಿಯಾರ ಕಟ್ಟಿಕೊಂಡು, ಇನ್ನೂ ನಂಬದ ಮುಖದಿಂದಲೇ ಹೋದ. ರೇವಣಪ್ಪನೂ ತನ್ನ ಟೈಮ್‌ಪೀಸು ಒಯ್ದ.

ಅಬ್ಬ ಮಾತು ಕಡಿಮೆ ಮಾಡಿದ. ಊಟಕ್ಕೆ ಕೂತಾಗ ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಮೇಲೇ ಗುಮಾನಿಯೇನೋ ಎಂದುಕೊಂಡೆ. ಕೇಳಲಿಲ್ಲ.

ಒಂದು ವಾರದ ಮೇಲೆ ಸಾಹೇಬರು ಅಂಗಡಿಯಲ್ಲಿ ಬಿಟ್ಟುಹೋಗಿದ್ದ ಚಿಮಟ ಒಯ್ಯಲು ಬಂದರು. ಹೋಗುವಾಗ ಬಾಗಿಲಲ್ಲಿ ತಿರುಗಿ ನಿಂತು, “ಒಂದ ಮಾತು ತಿಳೀವಲ್ದು. ನಾ ಕೊಟ್ಟ ಗೋಂದು ನೀರಾಗ ಬಿಡತೈತಿ. ಆ ಮೀಸಿ ಬಿಸಿನೀರಿಗೂ ಬಿಡಲಿಲ್ಲಂತ. ಸ್ಪಿರಿಟಿಗೆ ಬಿಟ್ಟಿತಂತ” ಎಂದು ತಮ್ಮಷ್ಟಕ್ಕೆ ತಾವೇ ಎಂಬಂತೆ ಹೇಳಿ ಹೋದರು.

ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ನೀರಿಗೆ ಬಿಡದೆ ಸ್ಪಿರಿಟಿಗೆ ಬಿಡುವುದು ಅರಗು. ಗಡಿಯಾರದೊಳಗಿನ ಕೆಂಪು ಹರಳು ಅಲುಗಾಡದಂತೆ ಕೂಡಿಸಲು ಅದನ್ನೇ ಕರಗಿಸಿ ಹಚ್ಚುತ್ತೇವೆ. ಅರಗಿನ ಕಡ್ಡಿ ಇದ್ದದ್ದು ಅಬ್ಬನ ಮೇಜಿನ ಖಾನೆಯಲ್ಲಿ. ಹುಳಕ್ಕೆ ನಾನು ಅದನ್ನು ಎಂದೂ ಮುಟ್ಟಿಸಿರಲಿಲ್ಲ.

ಹಿಟ್ಟಿನ ಕೈಯಲ್ಲೇ ಅಂಗಡಿಗೆ ಹೋದೆ. ಗಿರಾಕಿ ಇರಲಿಲ್ಲ.

“ಅಬ್ಬಾ, ಅರಗು ಯಾವಾಗ ಕರಗಿಸಿದಿ?”

ಅವನು ತಿಳಿಯದವನಂತೆ ನಟಿಸಲಿಲ್ಲ. “ನೀ ನೀರಿಗೆ ಹೋಗಿದ್ದಿ” ಎಂದ. “ನೀನೂ ಸಾಹೇಬ್ರೂ ಬೆಳ್ಳನ್ನ ತುದಿ, ಬೆಳ್ಳನ್ನ ತುದಿ ಅಂತಿದ್ರಿ. ನನ್ನ ಅಂಗಡ್ಯಾಗ ಎದ್ದ ಹುಳ, ನನಗೊಬ್ಬಗ ಕಾಣಲಿಲ್ಲ. ಬೆಳಗಿನ ಬಿಸಲಾಗ ಹಿಡದ ನೋಡೂಣು ಅಂತ ತಗದೆ. ಚಿಮಟ ತಾಕಿ ಮೀಸಿ ಬಿತ್ತು. ಹುಡಿಕಿದ್ರ ಸಿಗಲಿಲ್ಲ. ಮುರಕ ಹುಳದ ಬಟ್ಟಲಾಗಿಂದ ಒಂದ ಮೀಸಿ ತಗದು ಹಚ್ಚಿದೆ. ಕೂತೈತಿ ಅಂತ ಕೈಗೆ ಗೊತ್ತಾತು. ಬಣ್ಣ ಕಣ್ಣಿಗೆ ಗೊತ್ತಾಗಲಿಲ್ಲ.”

“ಮೋಸ ಆಗಿಲ್ಲ ಅಂದ್ಯಲ್ಲ?”

“ಮುರದದ್ದು ಜೋಡಿಸೂದು ನನ್ನ ಕಸಬವಾ. ಗಡಿಯಾರಕ್ಕ ಹಂಗ ಮಾಡ್ತೇವಿ. ಹುಳಕ್ಕ ಹಂಗ ಮಾಡಬಾರದು ಅಂತ ನನಗೇನ ಗೊತ್ತು? ಅವ್ರು ಬಂದು ಕೇಳಿದಾಗ ಗೊತ್ತಾತು. ಹೇಳಬೇಕಂದ್ರ ಕಣ್ಣಿಂದು ಹೇಳಬೇಕು.”

ನನಗೆ ಸಿಟ್ಟು ಬಂದಿತ್ತು. ವಾರವಿಡೀ ನಾನು ಸಾಹೇಬರನ್ನು ಕಳ್ಳರೆಂದುಕೊಂಡಿದ್ದೆ, ಈ ಮನುಷ್ಯ ಎದುರಿಗೆ ಕೂತು ಊಟ ಮಾಡಿದ್ದ. ಜೊತೆಗೆ, ಬೆಳಗಿನ ಬಿಸಿಲಿಗೆ ಡಬ್ಬಿ ಹಿಡಿದು ನಿಂತ ಅವನು ಕಣ್ಣ ಮುಂದೆ ಬಂದ. “ನೀ ಹೇಳು. ಇಲ್ಲಂದ್ರ ನಾ ಹೇಳ್ತೇನಿ” ಎಂದೆ.

ಮರುದಿನ ಬೆಳಿಗ್ಗೆ ಅಬ್ಬ ಸಾಹೇಬರ ಕೋಣೆಗೆ ಹೋಗಿ ಎಲ್ಲ ಹೇಳಿದ. ಸಾಹೇಬರು ಅವನ ಜೊತೆಗೇ ಅಂಗಡಿಗೆ ಬಂದರು. ಅವರ ಸಂಶಯ ಇನ್ನೊಂದು ಪಟ್ಟು ಬೆಳೆದಿತ್ತು.

“ಕಣ್ಣು ಕಾಣೂದಿಲ್ಲ ಅಂತೀರಿ. ಹಂಗಾರ ಇಷ್ಟು ದಿನ ಅಷ್ಟೂ ಹುಳ ಕೂಡಿಸಿದವ್ರು ಯಾರು?”

“ನನ್ನ ಮಗಳ್ರಿ. ಜೈತೂನ.”

“ಹಿಂದಿಗಡೆ ಇನ್ನ ಎಷ್ಟು ಮಂದಿ ಅದಾರ್ರಿ?” ಎಂದು ಸಾಹೇಬರು ಕಟುವಾಗಿ ಕೇಳಿದರು.

ನಾನು ಸೆರಗು ತಲೆಗೆ ಎಳೆದುಕೊಂಡು ಪರದೆ ಸರಿಸಿ ಹೊರಗೆ ಬಂದೆ. ಮೂರು ತಿಂಗಳು ಪರದೆಯ ಸಂದಿನಿಂದ ಮಾತ್ರ ನೋಡಿದ್ದ ಮನುಷ್ಯನ ಎದುರು ನಿಂತದ್ದು ಅಂದೇ. ಅವರು ಜೇಬಿನಿಂದ ನಳಿಗೆ ತೆಗೆದು ಸಾಮಾನ್ಯ ಜಾತಿಯ ಒಂದು ಸತ್ತ ಕಣಜವನ್ನು ಮೇಜಿನ ಮೇಲೆ ಉದುರಿಸಿದರು. “ಕೂಡಸ್ರಿ” ಎಂದರು.

ನಾನು ಅಬ್ಬನ ಕುರ್ಚಿಯಲ್ಲಿ ಕೂತೆ. ಭೂತಗನ್ನಡಿ ಹಚ್ಚಿದೆ. ಬೆರಳ ಮೇಲೇ ಅವರ ಕಣ್ಣಿತ್ತು, ಪೇಟೆಯಲ್ಲಿ ಜೇಬುಗಳ್ಳನನ್ನು ಕಾಯುವವರ ಹಾಗೆ. ಕಾಗದದ ತುದಿಗೆ ಸೂಜಿಮೊನೆಯಷ್ಟು ಗೋಂದು, ಹುಳದ ಮಗ್ಗುಲು ಅದಕ್ಕೆ, ರೆಕ್ಕೆ ಬಿಡಿಸಿ, ಮೀಸೆ ಮುಂದಕ್ಕೆ ಮಾಡಿ ಕೆಳಗಿಟ್ಟೆ. ಅವರು ಎತ್ತಿ ಬೆಳಕಿಗೆ ಹಿಡಿದು ನೋಡಿದರು.

“ಈ ಕೈ ನಂಬತೇನಿ” ಎಂದರು. “ಡಬ್ಬಿಗೆ ಹಾಕೂ ಮುಂದ ಒಂದ ಸಲ ನೋಡಿದ್ರ ಇದ್ಯಾವುದೂ ಆಗ್ತಿರಲಿಲ್ಲ. ಆ ತಪ್ಪು ನಂದೈತಿ. ಆದ್ರ ಅವನು ನಂಬಬೇಕಂದ್ರ ಆ ಹುಳ ಮತ್ತೊಮ್ಮಿ ಎದ್ದು ಬರಬೇಕು. ಕಾಯಿ ಎಲ್ಲೈತಿ ಈಗ?”

ಊರ ಸುತ್ತ ತೊಗರಿ ಕೊಯ್ದು ಬಡಿದು ಆಗಿತ್ತು. ಆಲಮೇಲದಲ್ಲಿ ಕಬ್ಬಿನ ಬದುವಿನಲ್ಲಿ ತಡವಾಗಿ ಬಿತ್ತಿದ್ದು ಎಲ್ಲಾದರೂ ನಿಂತಿರಬಹುದು ಎಂದು ಅಬ್ಬ ಹೇಳಿದ. ನಾವು ಮೂವರೂ ಬಸ್ಸು ಹತ್ತಿದೆವು.

ಮೊದಲು ಕಾಯಿ ಕೊಟ್ಟಿದ್ದ ಸಿದ್ದಣ್ಣನ ಹೊಲದ ಬದುವಿನಲ್ಲಿ ಇಪ್ಪತ್ತು ಮೂವತ್ತು ಗಿಡ ಇನ್ನೂ ಹಸಿರಾಗಿದ್ದವು. ಸಿದ್ದಣ್ಣ ಕೈಕಟ್ಟಿ ನಿಂತ. “ಹುಳ ಹತ್ತಿದ ಕಾಯೇ ಬೇಕು ಅಂತೀರಿ. ಚಲೋ ಕಾಯಿ ಬ್ಯಾಡ ಅಂತೀರಿ. ಸರಕಾರದವ್ರು, ಗಡಿಯಾರದವ್ರು ಕೂಡಿ ಬಂದೀರಿ. ಏನೈತ್ರಿ ಇದರಾಗ, ನೆಟ್ಟಗ ಹೇಳ್ರಿ.”

ಸಾಹೇಬರು ಹೇಳಿದ್ದು ಅವನ ತಲೆಗೆ ಹೋಗಲಿಲ್ಲ. ನಾನು ಒಂದು ಕಾಯಿ ಸುಲಿದು, ಕಾಳಿನಲ್ಲಿ ಕೂತ ನೊಣದ ಮರಿ ತೋರಿಸಿ, ಇದನ್ನು ತಿನ್ನುವ ಇನ್ನೊಂದು ಹುಳ ನಿನ್ನ ಹೊಲದಲ್ಲಿದೆ, ಬೇರೆಲ್ಲೂ ಸಿಕ್ಕಿಲ್ಲ ಎಂದೆ. ಅವನು ಕಾಯಿಯನ್ನೂ ನನ್ನನ್ನೂ ನೋಡಿದ. “ನನ್ನ ಹೊಲದಾಗ ಅಷ್ಟನ?” ಎಂದು ಕೇಳಿದ. ಸದ್ಯಕ್ಕೆ ಅಷ್ಟೇ ಎಂದೆ. ಅವನು ತಾನೇ ಬಗ್ಗಿ ಕಿತ್ತು ಉಡಿ ತುಂಬಿ ಕೊಟ್ಟ.

ಕಂದೀಲಿನ ಗಾಜುಗಳನ್ನು ಈ ಸಲ ಅಂಗಡಿಯ ಮುಂದಿನ ಮೇಜಿನ ಮೇಲೆ, ಹಾದಿಯಲ್ಲಿ ಹೋಗುವವರಿಗೆಲ್ಲ ಕಾಣುವಂತೆ ಇಟ್ಟೆವು. ಬಟ್ಟೆಯ ಗಂಟಿನ ಮೇಲೆ ಸಾಹೇಬರು ತಮ್ಮ ಸಹಿಯ ಚೀಟಿ ಹಚ್ಚಿದರು. ಹತ್ತು ದಿನ ಬರೀ ನೊಣ ಎದ್ದವು. ಆಮೇಲೆ ಸಾಮಾನ್ಯ ಕಣಜ. ಹದಿಮೂರನೆಯ ದಿನವೂ ಅವೇ. ಸಾಹೇಬರು ಬಂದು ನೋಡಿ ಹೋಗುತ್ತಿದ್ದರು. ಮೊದಲ ಸಲ ಕಂಡದ್ದು ನಿಜವೇ ಎಂದು ಅವರಿಗೆ ಮತ್ತೆ ಅನುಮಾನ ಹತ್ತಿರಬೇಕು. ನನಗೇ ಹತ್ತಿತ್ತು.

ಹದಿನೈದನೆಯ ದಿನ ಮುಂಜಾನೆ ಗಾಜಿನ ಒಳಮೈ ಮೇಲೆ ಒಂದು ಚುಕ್ಕೆ ಏರುತ್ತಿತ್ತು. ಭೂತಗನ್ನಡಿ ಹಿಡಿದೆ. ಮುಂದಿನ ಎರಡು ಎಳೆ ಮೇಲೆ ಕೆಳಗೆ ಆಡುತ್ತಿದ್ದವು. ಎರಡರ ತುದಿಯೂ ಹಾಲು ಬಿಳುಪು. ಅಬ್ಬ ಬರಿಗಾಲಲ್ಲಿ ಸಾಹೇಬರ ಕೋಣೆಗೆ ಓಡಿದ. ಸಂಜೆಯ ಹೊತ್ತಿಗೆ ಐದು ಎದ್ದಿದ್ದವು.

ಸಾಹೇಬರು ಅವನ್ನು ಜೀವಂತವಾಗಿಯೇ ಸೂಕ್ಷ್ಮದರ್ಶಕದ ಕೆಳಗಿಟ್ಟು ಒಂದು ತಾಸು ನೋಡಿದರು. ಆಮೇಲೆ ಪಕ್ಕಕ್ಕೆ ಸರಿದು ಬಾಗಿಲಲ್ಲಿ ನಿಂತಿದ್ದ ರೇವಣಪ್ಪನನ್ನು ಕರೆದರು. ರೇವಣಪ್ಪ ಬಗ್ಗಿ ನೋಡಿದ, ತಲೆಯೆತ್ತಿದ, ಮತ್ತೆ ಬಗ್ಗಿದ. “ಇಷ್ಟ ದೊಡ್ಡದೈತಿ!” ಎಂದ. ಲೆವಿಯ ಮಾತು ಅವನು ಆಮೇಲೆ ಆಡಲಿಲ್ಲ. ಐದನ್ನೂ ನಾನು ಅದೇ ಮೇಜಿನ ಮೇಲೆ, ಬಾಗಿಲು ತೆರೆದಿಟ್ಟು, ಹತ್ತು ಮಂದಿಯ ಕಣ್ಣೆದುರು ಕೂಡಿಸಿದೆ. ಗಡಿಯಾರಗಳನ್ನು ಯಾರು ಮಾಡುತ್ತಿದ್ದರು ಎಂಬುದು ಅಂದು ಊರಿಗೆ ತಿಳಿಯಿತು. ಕೆಲವರು ಹೆಣ್ಣುಮಗಳ ಕೈಯ ರಿಪೇರಿ ಬೇಡವೆಂದು ಬೇರೆ ಊರಿಗೆ ಒಯ್ದರು. ಹೆಚ್ಚಿನವರು ಒಂದೆರಡು ತಿಂಗಳಲ್ಲಿ ತಿರುಗಿ ಬಂದರು.

ಸಾಹೇಬರು ನಾಲ್ಕು ಕಣಜಗಳನ್ನು ಪಂಡಿತನಿಗೆ ಕಳಿಸಿ, ನಡೆದದ್ದನ್ನು ಮುಚ್ಚದೆ ಬರೆದರು. ಮಳೆಗಾಲದಲ್ಲಿ ಅವರ ವಿವರಣೆ ಅಚ್ಚಾಗಿ ಬಂತು, ನಾಲ್ಕೇ ಪುಟ. ಅಷ್ಟರಲ್ಲಿ ಅಬ್ಬ ಒಂದು ಕಣ್ಣಿನ ಪೊರೆ ತೆಗೆಸಿಕೊಂಡು ದಪ್ಪ ಕನ್ನಡಕ ಹಾಕಿದ್ದ. ಸಾಹೇಬರು ಅಂಗಡಿಯಲ್ಲಿ ಕೂತು ಅದನ್ನು ಕನ್ನಡದಲ್ಲಿ ಓದಿ ಹೇಳಿದರು. ಮೈ ಹಸಿರು, ಕಾಲು ತುಸು ಹಳದಿ, ಮೀಸೆಯ ತುದಿ ಬಿಳುಪು, ಜೀವಂತವಿದ್ದಾಗಲೂ ಹಾಗೆಯೇ. ಸಿಕ್ಕ ಸ್ಥಳ ಆಲಮೇಲ, ತೊಗರಿ ಹೊಲ.

“ನಾ ಹಚ್ಚಿದ ಮೀಸೀದು ಬರದೀರೇನ್ರಿ?” ಎಂದು ಅಬ್ಬ ಕೇಳಿದ.

“ಬರದೇನ್ರಿ. ಮೊದಲ ಕಳಿಸಿದ್ದರಾಗ ಒಂದರ ಬಲಮೀಸಿ ಮುರದಿತ್ತು, ಬ್ಯಾರೆ ಹುಳದ್ದು ಹಚ್ಚಲಾಗಿತ್ತು, ಅದನ್ನ ಹಿಡೀಬ್ಯಾಡ್ರಿ ಅಂತ.”

“ಯಾರ ಹಚ್ಚಿದ್ರು ಅಂತ?”

“ಇಲ್ರಿ ಮೌಲಾಸಾಬರ. ಹೆಸರ ಹಾಕಿಲ್ಲ” ಎಂದರು ಸಾಹೇಬರು, ಸಮಾಧಾನ ಹೇಳುವಂತೆ.

ಅಬ್ಬ ತಲೆ ಅಲ್ಲಾಡಿಸಿದ. “ಹಾಕಬೇಕಿತ್ರಿ. ಇಷ್ಟ ವರ್ಷ ಊರ ಮಂದಿ ಗಡಿಯಾರ ಮಾಡೀನಿ. ಒಂದರ ಮ್ಯಾಲೂ ನನ್ನ ಹೆಸರಿಲ್ಲ.”

ಸಾಹೇಬರು ಅವನ ಮುಖವನ್ನೇ ನೋಡಿದರು. ತಮಾಷೆಯಲ್ಲವೆಂದು ತಿಳಿದ ಮೇಲೆ ಪೆನ್ನು ತೆಗೆದು, ನಮಗೆಂದು ತಂದಿದ್ದ ಪ್ರತಿಯಲ್ಲಿ ಆ ಸಾಲಿನ ಪಕ್ಕಕ್ಕೆ ಕನ್ನಡದಲ್ಲಿ ‘ಮೌಲಾಸಾಬ, ಸಿಂದಗಿ’ ಎಂದು ಬರೆದರು. ಅಬ್ಬ ಕನ್ನಡಕ ಸರಿಮಾಡಿಕೊಂಡು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಕಾಗದವನ್ನು ಅವರಿಗೇ ವಾಪಸ್ಸು ಚಾಚಿದ.

“ಉಳದದ್ದಕ್ಕೆಲ್ಲಾ ಜೈತೂನ ಅಂತ ಬರೀರಿ” ಎಂದ.